ವಾಲ್ವ್ ಪೆಟ್ಟಿಗೆಯೊಳಗಿನ ಬೂದಿ ಮುಚ್ಚಿದ ಕೆಂಡ

ಟ್ರಾನ್ಸಿಸ್ಟರ್ ಬಂದು ವಾಲ್ವನ್ನು ಮೂಲೆಗೆ ತಳ್ಳಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಯಿತು. ಆದರೂ ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ಆ ತಂತಿಯ ಮೋಹ ಸಂಗೀತಪ್ರಿಯರನ್ನು ಬಿಟ್ಟಿಲ್ಲ. ರಷ್ಯಾ, ಚೀನಾ, ಸ್ಲೊವಾಕಿಯಾಗಳಲ್ಲಿ ಇಂದಿಗೂ ವಾಲ್ವುಗಳು ತಯಾರಾಗುತ್ತಿವೆ. ಮನೆಯಲ್ಲೇ ಬೆಸುಗೆ ಕಡ್ಡಿ ಹಿಡಿದು, ಹೆಡ್‌ಫೋನಿನಲ್ಲಿ ಹಾಡು ಕೇಳಲೆಂದು ಪುಟ್ಟ ವಾಲ್ವ್ ಆಂಪ್ಲಿಫೈಯರ್ ಕಟ್ಟಿಕೊಳ್ಳುವ ಹವ್ಯಾಸಿಗಳು ಜಗತ್ತಿನ ಹಲವೆಡೆ ಇದ್ದಾರೆ. ಎರಡು ಮೂರು ವಾಲ್ವು, ಒಂದು ಟ್ರಾನ್ಸ್‌ಫಾರ್ಮರ್, ಹಿಡಿಯಷ್ಟು ಬಿಡಿಭಾಗ ಇದ್ದರೆ ಕೆಲಸ ಆರಂಭಿಸಬಹುದು. ಕಿವಿಗೆ ಕೇಳಿಸಲು ಹೆಡ್‌ಫೋನಿಗೆ ಬೇಕಾದ ಶಕ್ತಿಯಾದರೂ ಎಷ್ಟು? ಸಾಮಾನ್ಯವಾಗಿ ಒಂದು ವ್ಯಾಟಿನ ಸಾವಿರದಲ್ಲಿ ಕೆಲವು ಪಾಲು ಮಾತ್ರ. ಇಷ್ಟು ಸಣ್ಣ ಯಂತ್ರ ಏನು ತಾನೇ ಮಾಡೀತು ಎಂಬ ಭಾವನೆ ಹುಟ್ಟುವುದು ಸಹಜ.

ಆದರೆ ಈ ಭಾವನೆ ಮೋಸದ್ದು. ಕಿವಿಗೆ ಬರುವ ಶಕ್ತಿ ಅತ್ಯಲ್ಪವಾದರೂ, ಅದನ್ನು ಹುಟ್ಟಿಸುವ ವಾಲ್ವಿಗೆ ಸಾಮಾನ್ಯವಾಗಿ 150ರಿಂದ 300 ವೋಲ್ಟಿನಷ್ಟು ನೇರ ವಿದ್ಯುತ್ ಬೇಕು. ಈ ವಿದ್ಯುತ್ತು ಸ್ವಿಚ್ ಆರಿಸಿದೊಡನೆ ಮಾಯವಾಗುವುದೂ ಇಲ್ಲ. ಗೋಡೆಯಿಂದ ಪ್ಲಗ್ ಕಿತ್ತು, ದೀಪವೆಲ್ಲ ಆರಿ, ವಾಲ್ವು ತಣ್ಣಗಾದ ಮೇಲೂ ಅದು ಪೆಟ್ಟಿಗೆಯೊಳಗೆ ಕುಳಿತಿರಬಹುದು. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇದಕ್ಕೆ ಹೊಂದುವಷ್ಟು ಬೇರೆ ಯಾವುದಕ್ಕೂ ಹೊಂದಲಾರದು.

ಪ್ಲಗ್ ತೆಗೆದು ಕಾಯಿರಿ, ಅಳೆದು ನೋಡಿ, ಒಂದು ಕೈ ಜೇಬಿನಲ್ಲಿರಲಿ, ಚಾಸಿಗೆ ಅರ್ಥಿಂಗ್ ಕೊಡಿ, ಒಬ್ಬರೇ ಇದ್ದಾಗ ಮುಟ್ಟಬೇಡಿ. ಹಳೆಯ ರೇಡಿಯೊ ಮೆಕ್ಯಾನಿಕ್ಕುಗಳು ಶಿಷ್ಯರಿಗೆ ಹೇಳಿಕೊಟ್ಟ ನಿಯಮಗಳು ಇವೇ. ಕೇಳಲು ಇವು ಅಜ್ಜಿಯ ಬುದ್ಧಿಮಾತಿನಂತೆ ತೋರಬಹುದು. ಆದರೆ ಇವುಗಳ ಹಿಂದೆ 275 ವರ್ಷಗಳಿಗೂ ಮೀರಿದ ಇತಿಹಾಸವಿದೆ. ಪ್ರತಿಯೊಂದು ನಿಯಮವೂ ಯಾರೋ ತಿಂದ ಹೊಡೆತದಿಂದ ಹುಟ್ಟಿದ್ದು.

ಲೈಡನ್ನಿನ ಸೀಸೆ

ವಿದ್ಯುತ್ತನ್ನು ಕೂಡಿಡಬಹುದು ಎಂಬ ಸಂಗತಿ ಮನುಷ್ಯನಿಗೆ ತಿಳಿದದ್ದೇ ಷಾಕಿನ ಮೂಲಕ. 1745ರಲ್ಲಿ ಪೊಮೆರೇನಿಯಾದ ಎವಾಲ್ಡ್ ಫಾನ್ ಕ್ಲೈಸ್ಟ್ ಎಂಬ ಚರ್ಚಿನ ಅಧಿಕಾರಿ, ಔಷಧದ ಸೀಸೆಯೊಳಗೆ ಮೊಳೆ ಇಳಿಬಿಟ್ಟು ಅದಕ್ಕೆ ಘರ್ಷಣೆಯ ಯಂತ್ರದಿಂದ ವಿದ್ಯುತ್ ಹರಿಸಿದ. ಒಂದು ಕೈಯಲ್ಲಿ ಸೀಸೆ ಹಿಡಿದು ಇನ್ನೊಂದು ಕೈಯಿಂದ ಮೊಳೆ ಮುಟ್ಟಿದಾಗ ಅವನ ತೋಳು ಜೋಮು ಹಿಡಿಯಿತು. ಅದಾದ ಕೆಲವೇ ತಿಂಗಳಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಇದೇ ಅನುಭವ ಮರುಕಳಿಸಿತು. ಅಲ್ಲಿನ ಪ್ರಾಧ್ಯಾಪಕ ಪೀಟರ್ ಫಾನ್ ಮುಸ್ಚೆನ್‌ಬ್ರೂಕ್‌ನ ಪ್ರಯೋಗಶಾಲೆಗೆ ಬಂದು ಹೋಗುತ್ತಿದ್ದ ಕ್ಯುನೇಯಸ್ ಎಂಬ ವಕೀಲ ನೀರು ತುಂಬಿದ ಗಾಜಿನ ಪಾತ್ರೆಯನ್ನು ಕೈಯಲ್ಲಿ ಹಿಡಿದು ಪ್ರಯೋಗ ಮಾಡಹೋಗಿ ಪೆಟ್ಟು ತಿಂದ. ಬಳಿಕ ಪ್ರಾಧ್ಯಾಪಕನೇ ಪರೀಕ್ಷಿಸಲು ಹೋದ. ಆ ಹೊಡೆತಕ್ಕೆ ಮೈಯೆಲ್ಲ ಅದುರಿ, ತನ್ನ ಕತೆ ಮುಗಿಯಿತೆಂದೇ ಭಾವಿಸಿದ. ಇಡೀ ಫ್ರಾನ್ಸ್ ರಾಜ್ಯವನ್ನೇ ಕೊಟ್ಟರೂ ಮತ್ತೊಮ್ಮೆ ಈ ಪೆಟ್ಟು ತಿನ್ನಲಾರೆ ಎಂಬರ್ಥದಲ್ಲಿ 1746ರ ಜನವರಿಯಲ್ಲಿ ಪ್ಯಾರಿಸ್ಸಿನ ವಿಜ್ಞಾನಿ ರೆಯೊಮ್ಯೂರ್‌ಗೆ ಪತ್ರ ಬರೆದ. ಮುಂದೆ ಅದು 'ಲೈಡನ್ ಜಾಡಿ' ಎಂದೇ ಪ್ರಸಿದ್ಧವಾಯಿತು.

ಈ ಘಟನೆಯಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪಾತ್ರೆ ಇದ್ದದ್ದು ಒಂದು ಕೈಯಲ್ಲಿ, ಕಿಡಿ ಎಳೆದದ್ದು ಇನ್ನೊಂದು ಕೈಯಲ್ಲಿ. ವಿದ್ಯುತ್ತು ಒಂದು ಕೈಯಿಂದ ಹೊಕ್ಕು ಎದೆಯನ್ನು ಹಾದು ಮತ್ತೊಂದು ಕೈಯಿಂದ ಹೊರಬಿತ್ತು. ಎರಡು ಕೈಗಳ ನಡುವಿನ ದಾರಿಯಲ್ಲಿ ಹೃದಯವಿದೆ. ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡಬೇಕೆಂಬ ಮೆಕ್ಯಾನಿಕ್ಕನ ನಿಯಮದ ಉದ್ದೇಶ ಈ ದಾರಿಯನ್ನು ಕಡಿಯುವುದೇ ಆಗಿದೆ.

ಹೆದರಿಕೆ ಬೇಗ ಮೋಜಾಯಿತು. ಅದೇ 1746ರಲ್ಲಿ ಪಾದ್ರಿ ನೊಲೆ, ಫ್ರಾನ್ಸಿನ ದೊರೆ 15ನೆಯ ಲೂಯಿಯ ಮುಂದೆ 180 ಮಂದಿ ಕಾವಲುಭಟರನ್ನು ಕೈ ಕೈ ಹಿಡಿಸಿ ನಿಲ್ಲಿಸಿ ಜಾಡಿಯ ವಿದ್ಯುತ್ ಹರಿಸಿದ. ಎಲ್ಲರೂ ಒಟ್ಟಿಗೆ ಮೇಲಕ್ಕೆ ಹಾರಿದ್ದನ್ನು ಕಂಡು ಆಸ್ಥಾನ ನಕ್ಕಿತು. ನಾಲ್ಕು ವರ್ಷಗಳ ನಂತರ ಬೆಂಜಮಿನ್ ಫ್ರಾಂಕ್ಲಿನ್‌ನಂಥ ಬುದ್ಧಿವಂತನೂ ಎಡವಿದ. 1750ರ ಕ್ರಿಸ್‌ಮಸ್ ಹೊತ್ತಿಗೆ ಎರಡು ದೊಡ್ಡ ಜಾಡಿಗಳ ವಿದ್ಯುತ್ತಿನಿಂದ ಟರ್ಕಿ ಕೋಳಿಯೊಂದನ್ನು ಕೊಲ್ಲಹೊರಟವನು, ಸುತ್ತಲಿದ್ದವರೊಡನೆ ಮಾತಿನಲ್ಲಿ ತೊಡಗಿದ್ದಾಗ ಎರಡೂ ಕೈಗಳಿಂದ ತಾನೇ ಅದನ್ನು ಮುಟ್ಟಿಬಿಟ್ಟ. ಕ್ಷಣಕಾಲ ಪ್ರಜ್ಞೆ ತಪ್ಪಿತು. ಅವನ ಅದೃಷ್ಟ ಚೆನ್ನಾಗಿತ್ತು, ಬದುಕಿದ. ವಿದ್ಯುತ್ತಿನ ಬಗ್ಗೆ ಆ ಕಾಲದಲ್ಲಿ ಅವನಷ್ಟು ತಿಳಿದವರು ವಿರಳ. ತಿಳಿವಳಿಕೆಯೊಂದೇ ರಕ್ಷಣೆಯಲ್ಲ ಎಂಬುದಕ್ಕೆ ಇದಕ್ಕಿಂತ ಹಳೆಯ ನಿದರ್ಶನ ಬೇಕಿಲ್ಲ.

ಜಾಡಿಯ ಮರಿಮಗ

ಇಂದಿನ ಆಂಪ್ಲಿಫೈಯರಿನಲ್ಲಿರುವ ಕೆಪಾಸಿಟರ್ ಲೈಡನ್ ಜಾಡಿಯ ನೇರ ವಂಶಜ. ರೇಡಿಯೊ ರಿಪೇರಿಯವರ ಬಾಯಲ್ಲಿ ಅದು ಕಂಡೆನ್ಸರ್. ಹೆಬ್ಬೆರಳಿನ ಗಾತ್ರದ ಅಲ್ಯೂಮಿನಿಯಮ್ ಡಬ್ಬಿಯೊಳಗೆ ಎರಡು ತೆಳುಹಾಳೆಗಳು, ನಡುವೆ ವಿದ್ಯುತ್ ಹರಿಯದ ಅತಿ ತೆಳುವಾದ ಪೊರೆ. ಗೋಡೆಯಿಂದ ಬರುವ ಪರ್ಯಾಯ ವಿದ್ಯುತ್ತನ್ನು ರೆಕ್ಟಿಫೈಯರ್ ಒಂದೇ ದಿಕ್ಕಿಗೆ ತಿರುಗಿಸಿದ ಮೇಲೂ ಅದರಲ್ಲಿ ಏರಿಳಿತ ಉಳಿಯುತ್ತದೆ. ಅದನ್ನು ಸಮಮಾಡದಿದ್ದರೆ ಹೆಡ್‌ಫೋನಿನಲ್ಲಿ ಹಾಡಿನ ಬದಲು 'ಹುಂ' ಎಂಬ ಗುಂಯ್ಗುಟ್ಟುವಿಕೆ ಕೇಳುತ್ತದೆ. ಅಲೆ ಏರಿದಾಗ ತುಂಬಿಕೊಂಡು ಇಳಿದಾಗ ಕೊಡುವ ಕೆರೆಯ ಕೆಲಸವನ್ನು ಕೆಪಾಸಿಟರ್ ಮಾಡುತ್ತದೆ. ಕೆರೆ ಅಲೆಯ ಶಿಖರದವರೆಗೂ ತುಂಬುವುದರಿಂದ, ಟ್ರಾನ್ಸ್‌ಫಾರ್ಮರ್ 220 ವೋಲ್ಟ್ ಕೊಟ್ಟರೆ ಕೆಪಾಸಿಟರಿನಲ್ಲಿ ನಿಲ್ಲುವುದು ಸುಮಾರು 310 ವೋಲ್ಟ್. ಹೊಸಬರು ಲೆಕ್ಕ ತಪ್ಪುವುದು ಇಲ್ಲೇ.

100 ಮೈಕ್ರೋಫ್ಯಾರಡ್ ಕೆಪಾಸಿಟರ್ 300 ವೋಲ್ಟಿಗೆ ತುಂಬಿದ್ದರೆ ಅದರಲ್ಲಿರುವ ಶಕ್ತಿ 4.5 ಜೂಲ್. ಸುಮಾರು ಅರ್ಧ ಕಿಲೋ ತೂಕದ ಕಲ್ಲು ಒಂದು ಮೀಟರ್ ಎತ್ತರದಿಂದ ಬಿದ್ದಾಗಿನ ಪೆಟ್ಟಿಗೆ ಇದು ಸಮ. ಕಾಲಿನ ಮೇಲೆ ಬಿದ್ದರೆ ನೋವು. ಎರಡು ಕೈಗಳ ನಡುವೆ ಹಾದು ಹೃದಯಕ್ಕೆ ಬಡಿದರೆ ಪ್ರಾಣಕ್ಕೇ ಸಂಚಕಾರ. ಕೆಪಾಸಿಟರುಗಳು ಹೆಚ್ಚಿದಂತೆ ಈ ಲೆಕ್ಕವೂ ಬೆಳೆಯುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ವಾಲ್ವುಗಳು ಬಿಸಿಯಾಗಿರುವಾಗ ಸ್ವಿಚ್ ಆರಿಸಿದರೆ, ಅವು ತಣ್ಣಗಾಗುವವರೆಗೆ ಕೆಪಾಸಿಟರಿನ ವಿದ್ಯುತ್ತನ್ನು ತಾವೇ ಹೀರಿಕೊಳ್ಳುತ್ತವೆ. ಹತ್ತಾರು ಬಾರಿ ಹೀಗೆ ಸುರಕ್ಷಿತವಾಗಿ ಪೆಟ್ಟಿಗೆ ಬಿಚ್ಚಿದವರಿಗೆ ಧೈರ್ಯ ಬರುತ್ತದೆ. ಆದರೆ ಒಂದು ದಿನ ವಾಲ್ವಿನ ತಂತಿ ಸುಟ್ಟಿರುತ್ತದೆ, ಇಲ್ಲವೇ ಪರೀಕ್ಷೆಗೆಂದು ವಾಲ್ವನ್ನೇ ಕಿತ್ತಿಟ್ಟಿರುತ್ತಾರೆ. ಆಗ ವಿದ್ಯುತ್ತಿಗೆ ಇಳಿಯುವ ದಾರಿಯೇ ಇಲ್ಲ. ಕೆಟ್ಟುಹೋದ ಯಂತ್ರ ಕೆಡದ ಯಂತ್ರಕ್ಕಿಂತ ಹೆಚ್ಚು ಅಪಾಯಕಾರಿ. ಬಿಚ್ಚಿ ನೋಡುವುದಾದರೋ ಕೆಟ್ಟದ್ದನ್ನೇ.

ಕಿವಿಯ ಹತ್ತಿರಕ್ಕೆ ಬಂದ ವೋಲ್ಟೇಜು

ಬ್ರಿಟನ್ನಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ಮೊದಲ ವಾಲ್ವನ್ನು ರೂಪಿಸಿದ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ತನ್ನ 'ಆಡಿಯಾನ್' ವಾಲ್ವನ್ನು ಪ್ರಕಟಿಸಿ, ಮುಂದೆ ಅದಕ್ಕೆ ಗ್ರಿಡ್ ಎಂಬ ಮೂರನೆಯ ಅಂಗವನ್ನು ಸೇರಿಸಿದ. ಸಣ್ಣ ಧ್ವನಿಯನ್ನು ದೊಡ್ಡದು ಮಾಡುವ ವಿದ್ಯೆ ಅಲ್ಲಿಂದ ಬೆಳೆಯಿತು. 1910ರಲ್ಲಿ ಯೂಟಾ ರಾಜ್ಯದ ನಥಾನಿಯಲ್ ಬಾಲ್ಡ್ವಿನ್ ಅಡುಗೆಮನೆಯ ಮೇಜಿನ ಮೇಲೆ ಕಟ್ಟಿದ ಹೆಡ್‌ಫೋನುಗಳನ್ನು ಅಮೆರಿಕದ ನೌಕಾಪಡೆ ಕೊಂಡಿತು. ವಾಲ್ವ್ ಮತ್ತು ಹೆಡ್‌ಫೋನುಗಳ ನಂಟು ಹೀಗೆ ರೇಡಿಯೊದಷ್ಟೇ ಹಳೆಯದು.

ಆ ಕಾಲದ ಹಲವು ಸೆಟ್ಟುಗಳಲ್ಲಿ ವಾಲ್ವಿನ ಪ್ಲೇಟಿಗೆ ಹೋಗುವ ವಿದ್ಯುತ್ತು ಹೆಡ್‌ಫೋನಿನ ಸುರುಳಿಯ ಮೂಲಕವೇ ಹರಿಯುತ್ತಿತ್ತು. ನಡುವೆ ಟ್ರಾನ್ಸ್‌ಫಾರ್ಮರಾಗಲಿ ಕೆಪಾಸಿಟರಾಗಲಿ ಇರಲಿಲ್ಲ. ಅಂದರೆ ಕೇಳುಗನ ಕಿವಿಗೂ ಪ್ಲೇಟಿನ ವೋಲ್ಟೇಜಿಗೂ ಮಧ್ಯೆ ಇದ್ದದ್ದು ತಂತಿಯ ಹೊದಿಕೆ ಮಾತ್ರ. ಆಗ ಇದು ದೊಡ್ಡ ಅನಾಹುತವಾಗದಿದ್ದುದಕ್ಕೆ ಕಾರಣ ಬ್ಯಾಟರಿ. ತಂತಿ ಕಾಯಿಸಲು 'ಎ' ಬ್ಯಾಟರಿ, ಪ್ಲೇಟಿಗೆ 45 ಅಥವಾ 90 ವೋಲ್ಟಿನ 'ಬಿ' ಬ್ಯಾಟರಿ ಇದ್ದವು. ಇಂದಿಗೂ ನಕ್ಷೆಗಳಲ್ಲಿ ಹೆಚ್ಚು ವೋಲ್ಟಿನ ತಂತಿಗೆ 'ಬಿ ಪ್ಲಸ್' ಎಂದು ಬರೆಯುವುದು ಆ ದಿನಗಳ ನೆನಪಿನಿಂದ.

1920ರ ದಶಕದಲ್ಲಿ ಪರಿಸ್ಥಿತಿ ಬದಲಾಯಿತು. ಟೊರಾಂಟೊದ ಎಡ್ವರ್ಡ್ ರೋಜರ್ಸ್ 1925ರಲ್ಲಿ ಬ್ಯಾಟರಿಯೇ ಬೇಡದ ರೇಡಿಯೊವನ್ನು ಮಾರುಕಟ್ಟೆಗೆ ತಂದ. ಗೋಡೆಯ ವಿದ್ಯುತ್ತಿನಿಂದ ನಡೆಯುವ ಸೆಟ್ಟುಗಳು ಮನೆ ಮನೆ ಸೇರಿದವು; ಅವುಗಳೊಂದಿಗೆ 250, 300 ವೋಲ್ಟು ಮತ್ತು ಅದನ್ನು ಹಿಡಿದಿಡುವ ಕೆಪಾಸಿಟರುಗಳೂ ಬಂದವು. ಬೆಲೆ ತಗ್ಗಿಸಲೆಂದು 1930ರ ದಶಕದಲ್ಲಿ ಟ್ರಾನ್ಸ್‌ಫಾರ್ಮರನ್ನೇ ಕೈಬಿಟ್ಟ ಅಗ್ಗದ ಸೆಟ್ಟುಗಳು ಹಬ್ಬಿದವು. ಅವುಗಳಲ್ಲಿ ಮನೆಯ ವಿದ್ಯುತ್ತಿನ ಒಂದು ತಂತಿ ಚಾಸಿಗೇ ಸೇರಿರುತ್ತಿತ್ತು. ಪ್ಲಗ್ಗನ್ನು ತಿರುಗಿಸಿ ಹಾಕಿದರೆ ಇಡೀ ಚೌಕಟ್ಟು ಜೀವಂತ! ಮರದ ಪೆಟ್ಟಿಗೆಯೂ ಬೇಕಲೈಟಿನ ಗುಂಡಿಗಳೂ ಮಾತ್ರ ರಕ್ಷಣೆ. ಗುಂಡಿಯನ್ನು ಬಿಗಿಹಿಡಿದ ತಿರುಪು ಬೆರಳಿಗೆ ತಾಗದಿರಲೆಂದು ಅದರ ಮೇಲೆ ಮೇಣ ತುಂಬುತ್ತಿದ್ದುದೂ ಉಂಟು. ಅಂಥ ಸೆಟ್ಟಿಗೆ ಹೆಡ್‌ಫೋನ್ ಜೋಡಿಸುವುದೆಂದರೆ ಗೋಡೆಯ ವಿದ್ಯುತ್ತನ್ನು ತಲೆಗೆ ಕಟ್ಟಿಕೊಂಡಂತೆ.

ಪಳಗಿದವರೂ ಬಲಿಯಾದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ರಾಸ್ ಹಲ್, ಹವ್ಯಾಸಿ ರೇಡಿಯೊ ಲೋಕದ ಹೆಸರಾಂತ ಪತ್ರಿಕೆ 'ಕ್ಯುಎಸ್‌ಟಿ'ಯ ಸಂಪಾದಕ ಬಳಗದಲ್ಲಿದ್ದವರು. ರೇಡಿಯೊ ತರಂಗಗಳು ವಾತಾವರಣದಲ್ಲಿ ಬಾಗಿ ದೂರ ಸಾಗುವುದನ್ನು ಕುರಿತ ಅವರ ಸಂಶೋಧನೆ ಮಾನ್ಯತೆ ಪಡೆದಿತ್ತು. ಸಾವಿರಾರು ಹವ್ಯಾಸಿಗಳಿಗೆ ಸೆಟ್ ಕಟ್ಟುವುದನ್ನು ಕಲಿಸಿದ ಈ ವ್ಯಕ್ತಿ 1938ರ ಸೆಪ್ಟೆಂಬರಿನಲ್ಲಿ ಮನೆಯಲ್ಲಿ ಟೆಲಿವಿಷನ್ ಪ್ರಯೋಗ ನಡೆಸುತ್ತಿದ್ದಾಗ ವಿದ್ಯುತ್ ತಗುಲಿ ತೀರಿಕೊಂಡರು. ಆಗ ಅವರಿಗೆ ನಲವತ್ತೂ ತುಂಬಿರಲಿಲ್ಲ.

ಸಾವಿನ ಲೆಕ್ಕ ಹಾಕಿದವರು

ವಿದ್ಯುತ್ತು ಹೇಗೆ ಕೊಲ್ಲುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ಮೈಮೇಲೆ ಸುಟ್ಟ ಗಾಯವೂ ಇಲ್ಲದೆ ಜನ ಸಾಯುತ್ತಿದ್ದರು. 1899ರಲ್ಲಿ ಜಿನೀವಾದ ಪ್ರೆವೊ ಮತ್ತು ಬತೆಲಿ ನಾಯಿಗಳ ಮೇಲೆ ಪ್ರಯೋಗ ನಡೆಸಿ, ಸಣ್ಣ ವಿದ್ಯುತ್ ಹೊಡೆತವೂ ಹೃದಯದ ಲಯವನ್ನು ಕೆಡಿಸಿ ಅದು ಬರಿದೇ ಅದುರುವಂತೆ ಮಾಡಬಲ್ಲದೆಂದು ತೋರಿಸಿದರು. ಬಲವಾದ ಇನ್ನೊಂದು ಹೊಡೆತ ಆ ಅದುರುವಿಕೆಯನ್ನು ನಿಲ್ಲಿಸಬಲ್ಲದೆಂಬುದನ್ನೂ ಅವರೇ ಕಂಡರು.

ಇದೇ ಜಾಡು ಹಿಡಿದವರು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವಿಲಿಯಂ ಕೌವೆನ್‌ಹೋವನ್. ಇವರು ವೈದ್ಯರಲ್ಲ, ವಿದ್ಯುತ್ ಎಂಜಿನಿಯರ್. ಕಂಬ ಹತ್ತುವ ಲೈನ್‌ಮನ್‌ಗಳ ಸಾವಿನಿಂದ ಚಿಂತೆಗೊಳಗಾಗಿದ್ದ ವಿದ್ಯುತ್ ಕಂಪನಿಗಳು ಇವರ ಸಂಶೋಧನೆಗೆ ಹಣ ನೀಡಿದವು. ನಾಯಿಯ ಎದೆಯ ಮೇಲೆ ವಿದ್ಯುತ್ ಪಟ್ಟಿಗಳನ್ನು ಒತ್ತಿದಾಗಲೇ ರಕ್ತದೊತ್ತಡ ಏರುವುದನ್ನು ಅವರ ಜೊತೆಗಾರ ನಿಕರ್‌ಬಾಕರ್ ಗಮನಿಸಿದರು. ಎದೆಯನ್ನು ಹೊರಗಿನಿಂದ ಒತ್ತಿ ಜೀವ ಉಳಿಸುವ ವಿಧಾನವನ್ನು ಈ ತಂಡ 1960ರಲ್ಲಿ ಪ್ರಕಟಿಸಿತು. ಇಂದು ಎಲ್ಲೆಡೆ ಕಲಿಸುವ ಸಿಪಿಆರ್‌ನ ಎದೆ ಒತ್ತುವ ಕ್ರಮ ವಿದ್ಯುತ್ ಅಪಘಾತಗಳ ಅಧ್ಯಯನದಿಂದ ಹುಟ್ಟಿದ್ದು. ಒಬ್ಬರೇ ಕುಳಿತು ಪೆಟ್ಟಿಗೆ ಬಿಚ್ಚಬಾರದೆಂಬ ನಿಯಮದ ಅರ್ಥವೂ ಇಲ್ಲಿದೆ. ಸ್ವಿಚ್ ಆರಿಸಲು, ಎದೆ ಒತ್ತಲು, ನೆರವಿಗೆ ಕೂಗಲು ಇನ್ನೊಬ್ಬರು ಬೇಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಡಾಲ್ಜಿಯಲ್ ಬೇರೊಂದು ಪ್ರಶ್ನೆ ಎತ್ತಿಕೊಂಡರು: ಕರೆಂಟು ಹಿಡಿದುಕೊಂಡಾಗ ಕೈ ಬಿಡಿಸಿಕೊಳ್ಳಲು ಎಷ್ಟರವರೆಗೆ ಸಾಧ್ಯ? ಸ್ವಯಂಸೇವಕರ ಮೇಲೆ ಎಚ್ಚರದಿಂದ ಪರೀಕ್ಷೆ ನಡೆಸಿ, ಮನೆಗೆ ಬರುವಂಥ ಪರ್ಯಾಯ ವಿದ್ಯುತ್ತಿನಲ್ಲಿ ಈ ಮಿತಿ ಗಂಡಸರಿಗೆ ಸರಾಸರಿ 16, ಹೆಂಗಸರಿಗೆ 10.5 ಮಿಲಿಆಂಪಿಯರ್ ಎಂದು ಕಂಡುಕೊಂಡರು. ಒಂದು ಸಣ್ಣ ಬಲ್ಬಿಗೂ ಇದಕ್ಕಿಂತ ಹೆಚ್ಚು ಬೇಕು. ಸೋರುವ ವಿದ್ಯುತ್ತನ್ನು ಗುರುತಿಸಿ ತಾನೇ ಕಡಿದುಹಾಕುವ ಸಾಧನವೊಂದನ್ನು ಡಾಲ್ಜಿಯಲ್ 1961ರಲ್ಲಿ ರೂಪಿಸಿದರು. ನಮ್ಮ ಮನೆಗಳ ಸ್ವಿಚ್‌ಬೋರ್ಡಿನಲ್ಲಿರುವ ಆರ್‌ಸಿಸಿಬಿ ಅದೇ ಕುಲದ್ದು.

ಆದರೆ ವಾಲ್ವ್ ಆಂಪ್ಲಿಫೈಯರ್ ಕಟ್ಟುವವರು ಅರಿಯಬೇಕಾದ ಸತ್ಯವೊಂದಿದೆ. ಈ ಸಾಧನ ನೋಡುವುದು ಗೋಡೆಯಿಂದ ಬಂದು ಹೋಗುವ ವಿದ್ಯುತ್ತನ್ನು ಮಾತ್ರ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯ 300 ವೋಲ್ಟಾಗಲಿ, ಕೆಪಾಸಿಟರಿನಲ್ಲಿ ನಿಂತ ವಿದ್ಯುತ್ತಾಗಲಿ ಮೈಯಲ್ಲಿ ಹರಿದರೆ ಅದಕ್ಕೆ ಸುಳಿವೇ ಸಿಗದು. ಮನೆಯವರನ್ನೆಲ್ಲ ಕಾಯುವ ಕಾವಲುಗಾರ ಈ ಪೆಟ್ಟಿಗೆಯ ಬಾಗಿಲಲ್ಲೇ ನಿಂತುಬಿಡುತ್ತಾನೆ.

ಬೆಂಗಳೂರಿನ ವಾಲ್ವು, ಮರೆತ ಪಾಠ

ಕನ್ನಡನಾಡಿಗೂ ವಾಲ್ವಿಗೂ ಹಳೆಯ ಸಂಬಂಧ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಪ್ರಸಾರ ಆರಂಭಿಸಿದ್ದು ವಾಲ್ವುಗಳ ಯುಗದಲ್ಲೇ. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ಬಿಇಎಲ್ ಗುರುತಿನ ಆ ವಾಲ್ವುಗಳನ್ನು ಇಂದಿಗೂ ಹುಡುಕಿ ಕೊಳ್ಳುವ ಹವ್ಯಾಸಿಗಳಿದ್ದಾರೆ.

ಆದರೆ ವಾಲ್ವಿನ ಜೊತೆ ಬರಬೇಕಾದ ಬುದ್ಧಿಮಾತು ಅಷ್ಟು ಸುಲಭವಾಗಿ ಸಿಗುವುದಿಲ್ಲ. 1947ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಮುಂದೆ ರೇಡಿಯೊವನ್ನು 9 ವೋಲ್ಟಿನ ಬ್ಯಾಟರಿಗೆ ಇಳಿಸಿತು. ಎಲ್ಲಿ ಬೇಕಾದರೂ ಬೆರಳಿಟ್ಟು ನೋಡಬಹುದಾದ ಕಾಲ ಬಂತು. ನಂತರದ ತಲೆಮಾರು ಆ ಧೈರ್ಯದಲ್ಲೇ ಬೆಳೆಯಿತು. ವಾಲ್ವಿನ ಅಪಾಯ ಕಂಡಿದ್ದ ಮೆಕ್ಯಾನಿಕ್ಕುಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದರು.

ಅವರು ಕಲಿಸುತ್ತಿದ್ದುದರಲ್ಲಿ ಮುಖ್ಯವಾದುದು ಇಷ್ಟು. ಕೆಪಾಸಿಟರಿನ ಎರಡು ತುದಿಗಳಿಗೆ ಒಂದು ರೆಸಿಸ್ಟರನ್ನು ಶಾಶ್ವತವಾಗಿ ಬೆಸೆಯಬೇಕು. ಅದೇ 'ಬ್ಲೀಡರ್'. 100 ಮೈಕ್ರೋಫ್ಯಾರಡ್‌ಗೆ 1 ಲಕ್ಷ ಓಮಿನ ಬ್ಲೀಡರ್ ಇದ್ದರೆ, 300 ವೋಲ್ಟು ಸುಮಾರು 50 ಸೆಕೆಂಡಿನಲ್ಲಿ 2 ವೋಲ್ಟಿಗೆ ಇಳಿಯುತ್ತದೆ. ಅದು ಸದಾ ಸುಮಾರು ಒಂದು ವ್ಯಾಟ್ ಶಾಖ ಸೂಸುವುದರಿಂದ ಎರಡು ಮೂರು ವ್ಯಾಟಿನದೇ ಬೇಕು, ಆ ವೋಲ್ಟೇಜು ತಾಳುವಂಥದೂ ಆಗಿರಬೇಕು. ಬ್ಲೀಡರ್ ಇದೆಯೆಂದು ನಂಬಿ ಕೂರುವಂತಿಲ್ಲ, ಅದೂ ಸುಟ್ಟಿರಬಹುದು. ಪ್ಲಗ್ ಕಿತ್ತು, ಕಾದು, ಮಲ್ಟಿಮೀಟರಿನಲ್ಲಿ ಅಳೆದೇ ತಿಳಿಯಬೇಕು. ಉಳಿದ ವಿದ್ಯುತ್ತನ್ನು ಸ್ಕ್ರೂಡ್ರೈವರ್ ತಾಗಿಸಿ ಚಟಾರೆನ್ನಿಸುವುದು ಸಲ್ಲದು. ಹಿಡಿಗೆ ಹೊದಿಕೆಯಿರುವ ತಂತಿಯಲ್ಲಿ ರೆಸಿಸ್ಟರ್ ಕಟ್ಟಿ ನಿಧಾನ ಇಳಿಸಬೇಕು. ಬರಿದಾದ ಕೆಪಾಸಿಟರಿನಲ್ಲೂ ಸ್ವಲ್ಪ ಹೊತ್ತಿಗೆ ವೋಲ್ಟೇಜು ತಾನಾಗಿ ಮತ್ತೆ ತಲೆಯೆತ್ತುವುದುಂಟು. ಲೈಡನ್ ಜಾಡಿಯಲ್ಲೂ ಈ ಗುಣ ಕಂಡಿತ್ತು. ಆದ್ದರಿಂದ ಇನ್ನೊಮ್ಮೆ ಅಳೆಯುವುದು ಜಾಣತನ.

ಟ್ರಾನ್ಸ್‌ಫಾರ್ಮರ್ ಇಲ್ಲದೆ ಗೋಡೆಯ ವಿದ್ಯುತ್ತನ್ನೇ ನೇರ ಬಳಸುವ ನಕ್ಷೆಯನ್ನು ಹೆಡ್‌ಫೋನಿಗೆ ಎಂದೂ ಮುಟ್ಟಬಾರದು. ಚಾಸಿಯನ್ನು ಮೂರನೆಯ ಪಿನ್ನಿಗೆ ಗಟ್ಟಿಯಾಗಿ ಜೋಡಿಸಿ, ಫ್ಯೂಸ್ ಹಾಕಬೇಕು. ಪಿನ್ನಿದ್ದರೆ ಸಾಲದು, ಅದರ ಹಿಂದೆ ನಿಜವಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳುವುದು ಒಳಿತು. ಟ್ರಾನ್ಸ್‌ಫಾರ್ಮರ್ ಮೂಲಕವಲ್ಲದೆ ಕೆಪಾಸಿಟರ್ ಮೂಲಕ ಹೆಡ್‌ಫೋನಿಗೆ ಧ್ವನಿ ಕೊಡುವ ನಕ್ಷೆಗಳಲ್ಲಿ, ಪ್ಲೇಟಿನ ವೋಲ್ಟೇಜಿಗೂ ಕಿವಿಗೂ ನಡುವೆ ನಿಂತಿರುವುದು ಆ ಒಂದು ಬಿಡಿಭಾಗ. ಹಳೆಯ, ಸೋರುವ ಕೆಪಾಸಿಟರನ್ನು ಅಲ್ಲಿ ಹಾಕಬಾರದು. ಅದರ ಆಚೆ ಬದಿಯಿಂದ ಭೂಮಿಗೆ ಒಂದು ರೆಸಿಸ್ಟರ್ ಇರಬೇಕು. ಹೆಡ್‌ಫೋನ್ ಚುಚ್ಚುವ ಮೊದಲು ಜಾಕಿನಲ್ಲಿ ನೇರ ವಿದ್ಯುತ್ ಇದೆಯೇ ಎಂದು ಅಳೆಯಲೇಬೇಕು. ತೀರ ಹೊಸಬರಿಗೆ ಇನ್ನೊಂದು ದಾರಿಯೂ ಉಂಟು. 1950ರ ದಶಕದಲ್ಲಿ ಕಾರಿನ ರೇಡಿಯೊಗಳಿಗಾಗಿ ಪ್ಲೇಟಿಗೂ 12 ವೋಲ್ಟೇ ಸಾಕಾಗುವ ವಾಲ್ವುಗಳು ಬಂದಿದ್ದವು. ಅಂಥ ಕಡಿಮೆ ವೋಲ್ಟಿನ ನಕ್ಷೆಗಳಲ್ಲಿ ಕೈ ಪಳಗಿಸಿಕೊಂಡು ಮುಂದೆ ಹೋಗಬಹುದು.

ಮುಸ್ಚೆನ್‌ಬ್ರೂಕ್‌ನ ಜಾಡಿ ಹೊರನೋಟಕ್ಕೆ ನೀರು ತುಂಬಿದ ಗಾಜಿನ ಪಾತ್ರೆ, ಅಷ್ಟೆ. ತುಂಬಿದ ಕೆಪಾಸಿಟರಿಗೂ ಬರಿದಾದ ಕೆಪಾಸಿಟರಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಸದ್ದಿಲ್ಲ, ಬಿಸಿಯಿಲ್ಲ, ಬೆಳಕಿಲ್ಲ. ಲೈಡನ್ನಿನಲ್ಲಿ ಅದನ್ನು ತಿಳಿಯಲು ಮೈಯಲ್ಲದೆ ಬೇರೆ ಸಾಧನವಿರಲಿಲ್ಲ. ಇಂದು ಕೆಲವು ನೂರು ರೂಪಾಯಿಗೆ ಮಲ್ಟಿಮೀಟರ್ ಸಿಗುತ್ತದೆ. ಅದು ಸೊನ್ನೆ ತೋರಿಸಿದ ಮೇಲೆಯೇ ಕೈ ಪೆಟ್ಟಿಗೆಯೊಳಗೆ ಹೋಗಬೇಕು. ಆಗಲೂ ಒಂದೇ ಕೈ.